ಒಳಗಿನ ಹಾಳಿ ಎಲ್ಲೈತ್ರಿ?

ಖರೇ ಹೇಳ್ರಿ. ಐತಾರ ಮುಂಜಾನೆ ವಡಗೇರಾದ ಚಾ ಅಂಗಡ್ಯಾಗ ಪೇಪರ್ ಕೈಗೆ ಬಂದ ಕೂಡ್ಲೇ ನೀವು ಏನ್ ಮಾಡ್ತೀರಿ? ಮೊದಲನೇ ಪುಟ ನೋಡಿದಂಗ ಮಾಡಿ, ‘ಏನ್ ರಾಜಕೀಯ ಬಂತಪ್ಪ’ ಅಂತ ನಾಕು ಮಂದಿಗೆ ಕೇಳೂವಂಗ ಗೊಣಗಿ, ಮೆಲ್ಲಗ ಒಳಗಿನ ಪುರವಣಿ ಜಗ್ಗಂಗಿಲ್ಲೇನು? (ನೋಡೀನಿ, ಅದಕ್ಕೇ ಕೇಳಾಕತ್ತೀನಿ.)

ಯಾರಾದ್ರೂ ಇಣುಕಿದ್ರ ‘ಕಥಿ ಓದಾಕತ್ತೀನಿ’ ಅಂತೀರಿ. ಕಥಿ ಇರ್ತದ, ಸುಳ್ಳಲ್ಲ. ಆದ್ರ ನಿಮ್ಮ ಬಟ್ಟು ಇರೋದು ವಾರಭವಿಷ್ಯದ ಮ್ಯಾಲೆ!

ಅದರಾಗೂ ಏನ್ ಕಸರತ್ರಿ ನಿಮ್ದು! ಹೆಡ್‌ಮಾಸ್ತರು ಬರೆದ ಜೂನ್ 1 ನಿಮ್ಮ ಹುಟ್ಟಿದ ದಿನ (ನಿಮ್ಮ ತಮ್ಮಂದು, ಅರ್ಧ ಕ್ಲಾಸಿಂದೂ ಅದೇ). ಅವ್ವನ್ನ ಕೇಳಿದ್ರ ‘ನಿನ್ನ ರಾಶಿ ಯಾರಿಗ್ಗೊತ್ತೋ, ನೀ ಹುಟ್ಟಿದಾಗ ಹೊಲದಾಗ ಜ್ವಾಳದ ರಾಶಿ ನಡದಿತ್ತು’ ಅಂತಾಳ.

ಕಡೀಕ ಹೆಸರಿನ ಮೊದಲಕ್ಷರ ಹಿಡೀತೀರಿ. ಸಾಲಿ ಹೆಸರು ಮಲ್ಲಪ್ಪ, ಅಂದ್ರ ಸಿಂಹ. ಮನ್ಯಾಗ ರಾಜು, ಅಂದ್ರ ತುಲಾ. ಎರಡೂ ಓದಿ, ಎಲ್ಲಿ ‘ಧನಲಾಭ’ ಅದನೋ ಆ ವಾರ ನೀವು ಆ ರಾಶಿ. ಎರಡರಾಗೂ ‘ಆರೋಗ್ಯದಲ್ಲಿ ಏರುಪೇರು’ ಇದ್ರ? ‘ಇದೆಲ್ಲಾ ಸುಳ್ಳು ಬಿಡ್ರಿ, ನಾ ನಂಬಂಗಿಲ್ಲ!’

ನಾಚ್ಕೋಬ್ಯಾಡ್ರಿ, ಇದು ಐತಾರದ ಪೇಪರಿನವರೇ ಹಚ್ಚಿದ ಚಟ. 1930ರ ಆಗಸ್ಟ್‌ನಾಗ ಲಂಡನ್ನಿನ ‘ಸಂಡೇ ಎಕ್ಸ್‌ಪ್ರೆಸ್’ ಆಗಷ್ಟೇ ಹುಟ್ಟಿದ್ದ ರಾಜಕುಮಾರಿ ಮಾರ್ಗರೆಟ್ ಜಾತಕ ಹಾಕಿತ್ತು, ನೇಯ್ಲರ್ ಅನ್ನೋ ಜ್ಯೋತಿಷಿ ಬರದಿದ್ದು. ಓದೋರಿಗೆ ರುಚಿ ಹತ್ತಿತು, ಅಂಕಣ ಠಿಕಾಣಿ ಹೂಡಿತು. ಪದಬಂಧದ ಕಥಿನೂ ಅಷ್ಟೇ: 1913ರ ಡಿಸೆಂಬರ್ 21, ‘ನ್ಯೂಯಾರ್ಕ್ ವರ್ಲ್ಡ್’ನ ಐತಾರದ ಪುರವಣಿ, ಆರ್ಥರ್ ವಿನ್ ಅನ್ನಾವ. ನೂರು ವರ್ಷ ಮಿಕ್ಕಿತು, ನೀವು ಇನ್ನಾ ಬಾಲ್‌ಪೆನ್ನಿಲೆ ತಪ್ಪು ಅಕ್ಷರ ತುಂಬಿ, ಮುಂದಿನವರಿಗೆ ಸುಮ್ಮ ಮಡಚಿ ಕೊಡ್ತೀರಿ.

ಶನಿವಾರ ಪ್ರಜಾವಾಣಿ ಜೋಡಿ ಬರೋ ‘ಭೂಮಿಕಾ’ ಹೆಣ್ಮಕ್ಕಳದು ಅಂತ ಮನ್ಯಾಗ ಕೊಟ್ಟುಬಿಡ್ತೀರಿ, ದೊಡ್ಡ ಮನಸ್ಸು ಮಾಡಿ. ಕೂದಲ ಉದುರೋದಕ್ಕ ಮದ್ದು ಬಂದದ ಅಂತ ತಿಳೀತೋ, ಮಧ್ಯಾಹ್ನ ಹಾಸಿಗಿ ಎತ್ತಿ ಹುಡುಕ್ಯಾಡೋರೂ ನೀವೇ.

ಇನ್ನ ಆ ಮಳಿ ಬರಹ! ಮೇ ತಿಂಗಳು, 40 ಡಿಗ್ರಿ ದಾಟಿದ ಬಿಸಿಲು. ಅತ್ಲಾಗ ಭೀಮಾ, ಇತ್ಲಾಗ ಕೃಷ್ಣಾ, ನಡುವ ಬೆವರೋರು ನಾವು. ಪುರವಣ್ಯಾಗ ಸಕಲೇಶಪುರದ ಹೋಂಸ್ಟೇ, ಮಂಜು, ಬಿಸಿ ಕಾಫಿ. ಬೆಂಗಳೂರಿಂದ ಎಷ್ಟು ಕಿಲೋಮೀಟರು ಅನ್ನೋತನಕ ಓದ್ತೀರಿ (ನಮ್ಮೂರಿಂದ ಎಷ್ಟು ಅಂತ ಅವರು ಬರೆಯಂಗಿಲ್ಲ, ನೀವು ಹೋಗಂಗಿಲ್ಲ). ಬ್ರಕೋಲಿ ಸೂಪಿನ ರೆಸಿಪಿ ಕತ್ತರಿಸಿ ಡಬ್ಬಿ ತಳಕ್ಕ ಇಟ್ಟೀರಲ್ಲ, ಒಂದಿನನಾದ್ರೂ ಮಾಡೀರೇನು? ತಾಟಿನ್ಯಾಗ ಅದೇ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಸೂಪ್ ಮಾಡಿದ್ರೂ ಅದರ ಜೋಡಿ ರೊಟ್ಟಿ ಕೇಳೋರು ನೀವು.

ಸಂಜೀಕ ಬಂಡಿ ಮುಂದ ಮಿರ್ಚಿ ತಿನ್ನುವಾಗ ಕೈಯಾಗ ಹಳೇ ಪುರವಣಿ ಚೂರು ಬಂದ್ರಂತೂ ಮುಗೀತು. ಎಣ್ಣಿ ಹತ್ತಿದ ಕಾಗದ ಸೊಟ್ಟಂಬಟ್ಟ ತಿರುವಿ, ಮೂರು ತಿಂಗಳ ಹಿಂದಿನ ಭವಿಷ್ಯ ಓದ್ತೀರಿ. ‘ಸಿಂಹ: ಅನಿರೀಕ್ಷಿತ ಧನಲಾಭ’ ಅಂತ ಬರದದಲ್ರಿ ಅದರಾಗ. ಬಂತೇನು? ಬಂದಿದ್ರ ಈ ಮಿರ್ಚಿ ರೊಕ್ಕ ನೀವೇ ಕೊಡ್ರಿ. ನನ್ನ ರಾಶಿ ಇದ್ದ ಕಡಿ ಹರದುಬಿಟ್ಟದ.