ಇನ್ನೂ ನೀರು ಬಿಟ್ಟಿಲ್ಲ

ಬರೆಯಲು ಏನೂ ತೋಚದಿದ್ದಾಗ ಪೆನ್ನು ಬದಲಿಸುವುದು ನನ್ನ ಮೊದಲ ಮದ್ದು, ಚಹಾ ಎರಡನೆಯದು, ಊರು ಬಿಡುವುದು ಕೊನೆಯದು. ದೀಪಾವಳಿ ವಿಶೇಷಾಂಕಕ್ಕೆಂದು ಒಪ್ಪಿಕೊಂಡ ಪ್ರಬಂಧ ಮೊದಲ ಸಾಲಿನಲ್ಲೇ ಪಟ್ಟು ಹಿಡಿದು ಕೂತಾಗ ದಾಂಡೇಲಿ ಬಸ್ಸು ಹತ್ತಿದೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1950ರ ದಶಕದಿಂದ ಕಾಗದ ಮಾಡುತ್ತಿರುವ ಊರು. ಬರೆಯಲಾಗದವನು ಅಲ್ಲಿಗೆ ಹೋಗುವುದೆಂದರೆ ಹೊಟ್ಟೆ ಕೆಟ್ಟವನು ಮದುವೆ ಊಟಕ್ಕೆ ಹೋದಂತೆ.

ದಾಂಡೇಲಿ ಬಳಿಯ ಮೌಳಂಗಿಯಲ್ಲಿ ಕಾಳಿ ಹೊಳೆ ಬಂಡೆಗಳನ್ನು ಬಳಸಿಕೊಂಡು ಹರಿಯುತ್ತದೆ. ಸಂದುಗಳಲ್ಲಿ ಕುತ್ತಿಗೆಮಟ ಮುಳುಗಿದ ಪ್ರವಾಸಿಗರು ಮೊಬೈಲನ್ನು ಮಾತ್ರ ಮೇಲೆತ್ತಿ ಹಿಡಿದಿರುತ್ತಾರೆ. ನಾನು ದಡದಲ್ಲಿ ನೋಟ್‌ಬುಕ್ ಬಿಚ್ಚಿ ಕೂತೆ.

"ಲೆಕ್ಕ ಬರಿಯಾಕತ್ತೀರೇನ್ರಿ?" ರಾಫ್ಟ್ ನಡೆಸುವ ಹುಡುಗ ಕೇಳಿದ.

"ಪ್ರಬಂಧ. ಬರ್ತಾ ಇಲ್ಲ."

"ಇನ್ನೂ ನೀರ ಬಿಟ್ಟಿಲ್ರಿ" ಎಂದ. ಹೊಳೆಯ ವಿಷಯವೋ ನನ್ನದೋ, ಅವನ ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

ಇಲ್ಲಿ ಹೊಳೆಯ ಏರಿಳಿತ ಮೇಲಿರುವ ಸೂಪಾ ಅಣೆಕಟ್ಟಿನ ಕೈಯಲ್ಲಿದೆ. ವಿದ್ಯುತ್ತಿಗೆಂದು ನೀರು ಬಿಟ್ಟರೆ ಕಾಳಿ ತುಂಬುತ್ತದೆ, ಇಲ್ಲವಾದರೆ ಬಂಡೆಗಳು ಮೈ ಕಾಯಿಸಿಕೊಳ್ಳುತ್ತವೆ. ಹುಡುಗ ಮಾತ್ರ ಕೈಕಟ್ಟಿ ಕೂರಲಿಲ್ಲ. ರಾಫ್ಟಿಗೆ ಗಾಳಿ ತುಂಬಿದ, ಹುಟ್ಟುಗಳನ್ನು ಜೋಡಿಸಿದ, ಲೈಫ್ ಜಾಕೆಟ್ಟುಗಳ ಬಕಲ್ಲನ್ನು ಒಂದೊಂದಾಗಿ ಜಗ್ಗಿ ನೋಡಿದ. ಸಡಿಲಾದ ಒಂದನ್ನು ಬದಿಗೆಸೆದ. ನನಗೆ ಹೋಲಿಸಿದರೆ ಅವನೇ ಕಸುಬುದಾರ.

ಬರೆಯುವ ನಮಗೆ ಹೊಳೆದಂಡೆಯ ಮೇಲೆ ಇಷ್ಟು ನಂಬಿಕೆ ಬರಲು ರವೀಂದ್ರನಾಥ ಟಾಗೋರರೂ ಕಾರಣರಿರಬೇಕು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಅಲ್ಲಿದ್ದು 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಇದೇ ಕಾಳಿಯಲ್ಲಿ ಬೆಳದಿಂಗಳ ದೋಣಿಯಾನ ಮಾಡಿ ಬಂದು, ನಿದ್ದೆ ಹತ್ತದೆ ಪದ್ಯವನ್ನೂ ಬರೆದರು. ನಾವು ನೆನಪಿಟ್ಟುಕೊಳ್ಳುವುದು ಇಷ್ಟನ್ನೇ. ಭಾವ ಉಕ್ಕುವಾಗ ಬರೆದದ್ದೆಲ್ಲ ಚೆನ್ನಾಗಿರಬೇಕೆಂದೇನಿಲ್ಲ ಎಂದು ಅವರೇ ಮುಂದೆ ಆತ್ಮಕಥನದಲ್ಲಿ ಹೇಳಿದ್ದು ಯಾರಿಗೆ ಬೇಕು? ಆ ಬೆಳದಿಂಗಳು ಕಾರವಾರದ ಮೀನುಗಾರರಿಗೂ ಸಿಕ್ಕಿತ್ತು. ಅವರು ಬಲೆ ಬೀಸಿದರು, ಅದೂ ಕೆಲಸವೇ.

ನಾನೂ ಕಣ್ಣೆದುರಿದ್ದ ಬಕಲ್ಲು, ಹುಟ್ಟು, ಪಂಪುಗಳನ್ನೇ ಬರೆಯತೊಡಗಿದೆ. ಸಾಲುಗಳು ಸುಮಾರಾಗಿದ್ದವು. ಆದರೆ ಸುಮಾರಾದದ್ದನ್ನು ತಿದ್ದಬಹುದು, ಖಾಲಿ ಹಾಳೆಯನ್ನು ತಿದ್ದಲು ಬರುವುದಿಲ್ಲ.

ಮೌಳಂಗಿಗೆ ಹೋಗುವವರು ನೀರು ಯಾವಾಗ ಬಿಡುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ. ದಾಂಡೇಲಿ ಕಡೆಯ ಕಾಳಿಯಲ್ಲಿ ಮೊಸಳೆಗಳಿವೆ, ಊರವರು ಬೇಡವೆಂದ ಕಡೆ ಇಳಿಯಬೇಡಿ. ಬರೆಯುವುದಕ್ಕಾದರೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.