ಗಿರಿಚಕ್ರ ಜೀರ್ಣೋದ್ಧಾರ ಮೀಮಾಂಸೆ

ಬಾಂದ್ರಾ ಪಶ್ಚಿಮದ ಹೌಸಿಂಗ್ ಸೊಸೈಟಿಗಳಲ್ಲಿ, ಮೆಟ್ಟಿಲಿನ ಕೆಳಗೆ, ನೀರಿನ ಪಂಪಿಗೂ ಮೀಟರ್ ಬಾಕ್ಸಿಗೂ ನಡುವೆ, ಎರಡೂ ಟೈರುಗಳ ಗಾಳಿ ಇಳಿದು ಗೋಡೆಗೊರಗಿ ನಿಂತಿರುವ ಹಳೆಯ ಮೌಂಟನ್ ಬೈಕ್ ಎಂಬ ವಸ್ತುವಿನ ಪುನರುತ್ಥಾನವನ್ನು ಕುರಿತು ಈವರೆಗೆ ಶಾಸ್ತ್ರೋಕ್ತವಾದ ವಿಚಾರ ನಡೆದಂತೆ ಕಾಣುವುದಿಲ್ಲ. ಶಿಥಿಲವಾದ ದೇಗುಲವನ್ನು ಮತ್ತೆ ಕಟ್ಟಲು ಆಗಮಗಳಲ್ಲಿ ಜೀರ್ಣೋದ್ಧಾರ ವಿಧಿಯಿದೆ, ಬಿಂಬವನ್ನು ಪೀಠಕ್ಕೆ ಬಿಗಿಯಲು ಅಷ್ಟಬಂಧವೆಂಬ ಅಂಟಿದೆ, ಊರಿನ ಬ್ರಹ್ಮಕಲಶಕ್ಕೆ ಮುಂಬಯಿಯ ಕನ್ನಡಿಗರಿಂದ ರಸೀದಿ ಹರಿದು ಹಣ ಎತ್ತುವ ಸಮಿತಿಗಳೂ ಇವೆ. ಸೈಕಲ್ಲಿಗೆ ಮಾತ್ರ ವಿಧಿಯೂ ಇಲ್ಲ, ಸಮಿತಿಯೂ ಇಲ್ಲ.

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು, ಅಂದರೆ ಅನುಬಂಧ ಚತುಷ್ಟಯವನ್ನು, ಹೇಳಿಬಿಡುವುದು ಸಂಪ್ರದಾಯ. ಇಲ್ಲಿ ವಿಷಯವೆಂದರೆ ಆ ಸೈಕಲ್ಲು. ಅಧಿಕಾರಿ, ಎಂದರೆ ಈ ವಿದ್ಯೆಗೆ ಅರ್ಹನಾದವನು, ಮಂಡಿ ಇನ್ನೂ ನೆಟ್ಟಗಿರುವ ಮತ್ತು ಬಳಸದ ವಾಹನಗಳನ್ನು ತೆರವುಗೊಳಿಸಬೇಕೆಂಬ ಸೊಸೈಟಿಯ ನೋಟಿಸು ಈಗಾಗಲೇ ತಲುಪಿರುವ ಗೃಹಸ್ಥ. ಪ್ರಯೋಜನವು ಬಾಂದ್ರಾ ಸ್ಟೇಷನ್ನಿನಿಂದ ಕಾರ್ಟರ್ ರೋಡಿನವರೆಗೆ ರಿಕ್ಷಾದವನ ಮರ್ಜಿ ಕಾಯದೆ ತಲುಪುವುದು. ಸಂಬಂಧವು ಕೊಂಡವನಿಗೂ ಕೊಂಡ ವಸ್ತುವಿಗೂ ನಡುವೆ ಇರುವಂಥದ್ದಾಗಿದ್ದು, ಅದನ್ನು ಹೆಂಡತಿಯ ಎದುರು ವಿವರಿಸುವ ಪದ್ಧತಿಯಿಲ್ಲ.

ಇನ್ನು ಲಕ್ಷಣ. ಬೆಟ್ಟ ಹತ್ತುವ ಸೈಕಲ್ಲೇ ಮೌಂಟನ್ ಬೈಕ್ ಎಂಬ ಪ್ರಚಲಿತ ವ್ಯಾಖ್ಯೆಯನ್ನು ನ್ಯಾಯಶಾಸ್ತ್ರದ ಒರೆಗೆ ಹಚ್ಚಿದರೆ, ಹೇಳಿದ ಲಕ್ಷಣವು ಒಂದು ವಸ್ತುವಿನಲ್ಲೂ ಕಾಣದಿರುವ ಅಸಂಭವವೆಂಬ ದೋಷ ತಟ್ಟುತ್ತದೆ. ಏಕೆಂದರೆ ಬಾಂದ್ರಾದಲ್ಲಿರುವ ಏರುಗಳು ಪಾಲಿ ಹಿಲ್ಲಿನದೂ ಮೌಂಟ್ ಮೇರಿಯದೂ ಮಾತ್ರ, ಆ ಎರಡರಲ್ಲೂ ಮೌಂಟನ್ ಬೈಕುಗಳು ಸವಾರನ ಕೈಯಲ್ಲಿ ತಳ್ಳಿಸಿಕೊಂಡು ಹೋಗುವುದೇ ರೂಢಿ, ಹಿಲ್ ರೋಡ್ ಎಂಬುದಂತೂ ಬಹುಪಾಲು ಸಪಾಟು. ಆದ್ದರಿಂದ ದಪ್ಪ ಟೈರು, ನೇರ ಹ್ಯಾಂಡಲ್, 26 ಇಂಚಿನ ಗಾಲಿ ಮತ್ತು ಬೆಟ್ಟವನ್ನು ಹತ್ತಬಲ್ಲೆನೆಂಬ ಅಭಿಮಾನ, ಇವಿಷ್ಟು ಕೂಡಿದ್ದೇ ಮೌಂಟನ್ ಬೈಕ್ ಎಂದು ಪರಿಷ್ಕರಿಸುವುದು ಯುಕ್ತ. ಲುಧಿಯಾನದ ಹೀರೋ, ಚೆನ್ನೈನ ಅಂಬತ್ತೂರಿನ ಟಿ.ಐ. ಸೈಕಲ್ಸ್ ಮೊದಲಾದ ಕಾರ್ಖಾನೆಗಳು 1990ರ ದಶಕದಿಂದೀಚೆಗೆ ಈ ಅಭಿಮಾನವನ್ನು ಮಧ್ಯಮವರ್ಗದ ಮಕ್ಕಳಿಗೆ ಸುಲಭವಾಗಿ ಸಿಗುವಂತೆ ಮಾಡಿದವು.

ಇತಿಹಾಸವನ್ನು ನೋಡಿದರೆ ಪ್ರಸ್ತುತ ಕಾರ್ಯದಲ್ಲಿ ಒಂದು ವಿಪರ್ಯಾಸ ಅಡಗಿರುವುದು ಕಂಡುಬರುತ್ತದೆ. ಅಮೆರಿಕದ ಶ್ವಿನ್ ಕಂಪನಿಯು 1933ರಲ್ಲಿ ಪೇಟೆಯ ಹುಡುಗರ ಒರಟು ಸವಾರಿಯನ್ನು ತಾಳಿಕೊಳ್ಳಲೆಂದು ಬಲೂನಿನಂತೆ ಉಬ್ಬಿದ 26 ಇಂಚಿನ ಟೈರಿನ ಸೈಕಲ್ಲನ್ನು ಹೊರತಂದಿತು. ಸುಮಾರು ನಲವತ್ತು ವರ್ಷಗಳ ಬಳಿಕ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ತರುಣರು ಅಂಥ ಹಳೆಯ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು, ಸ್ಟ್ಯಾಂಡು ಮುಂತಾದ ಗೃಹಸ್ಥ ಲಕ್ಷಣಗಳನ್ನು ಕಿತ್ತೆಸೆದು, ಬೆಟ್ಟದ ಇಳಿಜಾರುಗಳಲ್ಲಿ ಓಡಿಸತೊಡಗಿದರು. 1976ರ ಅಕ್ಟೋಬರ್ 21ರಂದು ಅವರು ಆರಂಭಿಸಿದ ಪಂದ್ಯಕ್ಕೆ ರೀಪ್ಯಾಕ್ ಎಂದು ಹೆಸರು ಬಂದದ್ದು, ಒಂದು ಇಳಿತದಲ್ಲೇ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ. ಬೆಟ್ಟಕ್ಕೆಂದೇ ಹೊಸ ಫ್ರೇಮನ್ನು ಜೋ ಬ್ರೀಜ್ ಕಟ್ಟಿದ್ದು 1977ರಲ್ಲಿ, ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗಳಿಗೆ ಬಂದದ್ದು 1981ರಲ್ಲಿ. ಪೇಟೆಯ ಸೈಕಲ್ಲನ್ನು ಬೋಳಿಸಿ ಬೆಟ್ಟಕ್ಕೆ ಕಳಿಸಿದ ಆ ಸಂನ್ಯಾಸ ದೀಕ್ಷೆಯನ್ನು ರದ್ದುಪಡಿಸಿ ಅದನ್ನು ಪುನಃ ಗೃಹಸ್ಥಾಶ್ರಮಕ್ಕೆ ತರುವುದೇ ಬಾಂದ್ರಾದ ಜೀರ್ಣೋದ್ಧಾರದ ತಿರುಳೆಂದ ಮೇಲೆ, ಇದಕ್ಕೆ ಧರ್ಮಶಾಸ್ತ್ರದ ಅನುಮತಿ ಇದೆಯೇ ಎಂಬ ಪ್ರಶ್ನೆ ಏಳಬಹುದು. ಗ್ರಂಥವಿಸ್ತರ ಭಯದಿಂದ ಅದನ್ನು ಇಲ್ಲಿ ಬಿಡಲಾಗಿದೆ.

ವಿದ್ವಾಂಸರಲ್ಲಿ ಅತಿ ಹೆಚ್ಚು ಕಲಹಕ್ಕೆ ಕಾರಣವಾಗಿರುವುದು ಟೈರಿನ ಪ್ರಕರಣ. ಮೊದಲನೆಯದಾಗಿ ಪಾಠಭೇದದ ಸಮಸ್ಯೆ: ಟೈರಿನ ಪಕ್ಕೆಯ ಮೇಲೆ 26 ಎಂದು ಬರೆದಿರುವುದೆಲ್ಲ ಒಂದೇ 26 ಅಲ್ಲ. 26 x 1.95 ಎಂದು ದಶಮಾಂಶದಲ್ಲಿ ಬರೆದಿದ್ದರೆ ಆ ಟೈರು ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರ್. 26 x 1⅜ ಎಂದು ಭಿನ್ನರಾಶಿಯಲ್ಲಿದ್ದರೆ 590. 26 x 1½ ಎಂದಿದ್ದರೆ 584. ಗಣಿತದಲ್ಲಿ ಒಂದೂವರೆಯೂ 1.5ವೂ ಸಮವೆಂಬುದನ್ನು ಮಗ್ಗಿ ಕಲಿತ ಮಗುವೂ ಬಲ್ಲದು, ಆದರೆ ಸೈಕಲ್ ಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಒಂದಕ್ಕೆ ತಂದ ಟೈರು ಇನ್ನೊಂದರ ಮೇಲೆ ಕೂರುವುದಿಲ್ಲ, ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುವುದೂ ಇಲ್ಲ.

ಎರಡನೆಯದು ಮೇಲ್ಮೈಯ ಸಮಸ್ಯೆ. ಮೈತುಂಬ ರಬ್ಬರಿನ ಗುಬುಟುಗಳಿರುವ ಮೂಲ ಟೈರನ್ನೇ ಉಳಿಸಿಕೊಳ್ಳಬೇಕೆಂಬ ಗುಬುಟುವಾದಿಗಳ ಪೂರ್ವಪಕ್ಷ, ಎಂದರೆ ಸಿದ್ಧಾಂತಿಯು ಮೊದಲು ಮಂಡಿಸಿ ಆಮೇಲೆ ಖಂಡಿಸಬೇಕಾದ ಎದುರಾಳಿಯ ವಾದ, ಹೀಗಿದೆ: ಯಾವುದರ ಮೇಲೆ ಉಬ್ಬುತಗ್ಗು, ಸಡಿಲ ಕಲ್ಲು, ಕೆಸರು ಮತ್ತು ಅನಿರೀಕ್ಷಿತ ಜಲಪಾತಗಳಿರುವವೋ ಅದು ಬೆಟ್ಟದ ದಾರಿ, ಜುಲೈ ತಿಂಗಳಿನಲ್ಲಿ ಬಾಂದ್ರಾದ ರಸ್ತೆಗಳ ಮೇಲೆ ಇವೆಲ್ಲವೂ ಇವೆ, ಆದಕಾರಣ ಬಾಂದ್ರಾ ಬೆಟ್ಟವೇ. ಪೇವರ್ ಬ್ಲಾಕ್ ಎಂಬ, ಒಂದಕ್ಕೊಂದು ಹೆಣೆದು ಹಾಸಿದ ಸಿಮೆಂಟಿನ ಇಟ್ಟಿಗೆಗಳು ಒಂದೇ ಮಳೆಗಾಲದಲ್ಲಿ ಪರಸ್ಪರ ಸಂಬಂಧ ಕಡಿದುಕೊಂಡು ತಮ್ಮ ತಮ್ಮ ಇಷ್ಟದ ಎತ್ತರಕ್ಕೆ ಏಳುವುದನ್ನು ಇವರು ಮುಖ್ಯ ಸಾಕ್ಷ್ಯವಾಗಿ ತರುತ್ತಾರೆ. 2005ರ ಜುಲೈ 26ರಂದು ನೆರೆಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ಪ್ರಸಂಗವನ್ನು ಉಲ್ಲೇಖಿಸುವ ಒಂದು ಒಳಪಂಥವು, ಅಂದು ಬೇಕಾಗಿದ್ದುದು ಟೈರೇ ಅಲ್ಲ, ದೋಣಿ ಎಂದು ವಾದವನ್ನು ಇನ್ನಷ್ಟು ಮುಂದಕ್ಕೆ ಒಯ್ಯುತ್ತದೆ.

ಈ ವಾದವನ್ನು ಖಂಡಿಸುವುದು ಸುಲಭವಲ್ಲ ಎಂಬುದನ್ನು ಒಪ್ಪಲೇಬೇಕು. ಆದರೂ ಸಿದ್ಧಾಂತವಿಷ್ಟು: ಗುಬುಟುಗಳು ಮೆತ್ತನೆಯ ಮಣ್ಣಿನೊಳಗೆ ಇಳಿದು ಹಿಡಿತ ಕೊಡುತ್ತವೆ, ಡಾಂಬರಿನ ಮೇಲೆ ಇಳಿಯಲು ಜಾಗವಿಲ್ಲದೆ ತಾವೇ ಬಾಗಿ, ಗುಂಯ್‌ಗುಟ್ಟಿ, ಸವಾರನ ಶಕ್ತಿಯನ್ನು ಶಾಖವಾಗಿಸಿ ವ್ಯಯ ಮಾಡುತ್ತವೆ, ಒದ್ದೆ ಕಾಂಕ್ರೀಟಿನ ಮೇಲೆ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗುವುದರಿಂದ ಜಾರಿಕೆಯೂ ಹೆಚ್ಚು. ಆದ್ದರಿಂದ 26 x 1.5 ಅಳತೆಯ ನುಣುಪು ಟೈರಿಗೆ ಪಕ್ಕೆಯ ಮೇಲೆ ಮುದ್ರಿಸಿದ ಮಿತಿಯೊಳಗೆ ಗಾಳಿ ತುಂಬುವುದು ಉತ್ತಮ ಪಕ್ಷ. ಇದಕ್ಕಿಂತ ಸಪೂರವಾದದ್ದು ಚರಂಡಿಯ ಜಾಲರಿಯೊಳಗೆ ಹೋಗಿ ಸೇರುತ್ತದೆ. ಪಾಲಿಮರ್ ತಂತ್ರಜ್ಞರಾಗಿ ದುಡಿಯುತ್ತ ಬಾಂದ್ರಾದಲ್ಲೇ ಬಹುಕಾಲ ನೆಲೆಸಿದ್ದ ಯಶವಂತ ಚಿತ್ತಾಲರು ತಮ್ಮ ಬಿಡುವನ್ನು 1979ರ 'ಶಿಕಾರಿ'ಯಂಥ ಕಾದಂಬರಿಗಳಿಗೆ ಕೊಡದೆ ರಬ್ಬರಿನ ಈ ಸೂಕ್ಷ್ಮಗಳಿಗೆ ಕೊಟ್ಟಿದ್ದರೆ ಈ ಜಗಳ ಎಂದೋ ಮುಗಿಯುತ್ತಿತ್ತೇನೋ. ಕನ್ನಡ ಸಾಹಿತ್ಯ ಆ ವಿನಿಮಯಕ್ಕೆ ಒಪ್ಪುವುದಿಲ್ಲವೆಂಬುದೂ ಸ್ಪಷ್ಟ.

ಗೇರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮುಂದೆ ಮೂರು, ಹಿಂದೆ ಆರು ಹಲ್ಲುಗಾಲಿಗಳಿಂದ ಹದಿನೆಂಟು ಗೇರುಗಳೆಂದು ಫ್ರೇಮಿನ ಮೇಲೆ ಬರೆದಿದ್ದರೂ, ಅನೇಕ ಜೋಡಿಗಳು ಹೆಚ್ಚುಕಡಿಮೆ ಒಂದೇ ಫಲವನ್ನು ಕೊಡುವ ಪುನರುಕ್ತಿಗಳಾಗಿವೆ. ಮುಂದೆ 38 ಹಲ್ಲಿನದೊಂದನ್ನೇ ಇಟ್ಟು, ಹಿಂದೆ 14ರಿಂದ 28 ಹಲ್ಲುಗಳವರೆಗಿನ ಆರನ್ನು ಉಳಿಸಿಕೊಂಡರೆ, ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ಲು ಸುಮಾರು ಎರಡೂಮುಕ್ಕಾಲು ಮೀಟರಿನಿಂದ ಐದೂವರೆ ಮೀಟರಿನವರೆಗೆ ಸಾಗುತ್ತದೆ. ಲಿಂಕಿಂಗ್ ರೋಡಿನ ಸಂಜೆಯ ದಟ್ಟಣೆಯಲ್ಲಿ ಅಷ್ಟು ಖಾಲಿ ಜಾಗ ಒಟ್ಟಿಗೆ ಕಣ್ಣಿಗೆ ಬೀಳುವುದೇ ಅಪರೂಪ. ಮುಂದಿನ ಗಾಲಿಯನ್ನು ಹಿಡಿದಿರುವ ಚಿಮಟದೊಳಗಿನ ಸ್ಪ್ರಿಂಗು, ರಿಪೇರಿಯವರ ಮಾತಿನಲ್ಲಿ ಶಾಕಪ್, ಅಗ್ಗದ ಸೈಕಲ್ಲುಗಳಲ್ಲಿ ತುಕ್ಕು ಹಿಡಿದು ನಿಶ್ಚಲವಾಗಿ ಬ್ರಹ್ಮಸ್ಥಿತಿಯನ್ನು ತಲುಪಿರುವುದರಿಂದ, ಅದನ್ನು ತೆಗೆದು ಗಟ್ಟಿ ಚಿಮಟ ಹಾಕಿದರೆ ಭಾರ ಕಡಿಮೆಯಾಗುತ್ತದೆ, ಅನುಭವ ಬದಲಾಗುವುದಿಲ್ಲ.

ಕಳಚುವ ಕರ್ಮದಲ್ಲಿ ಎರಡು ಗುಟ್ಟುಗಳಿವೆ. ಎಡ ಪೆಡಲಿನ ತಿರುಪಿನ ಮರೆಯೂ, ಬಹುಪಾಲು ಸೈಕಲ್ಲುಗಳಲ್ಲಿ ಬಾಟಮ್ ಬ್ರಾಕೆಟ್ ಎಂಬ ಪೆಡಲಿನ ಅಚ್ಚಿನ ಬಲಬದಿಯ ಕಪ್ಪಿನ ಮರೆಯೂ ಲೋಕರೂಢಿಗೆ ವಿರುದ್ಧವಾಗಿ ತಿರುಗುತ್ತವೆ. ತುಳಿಯುವಾಗ ತಾವಾಗಿ ಬಿಚ್ಚಿಕೊಳ್ಳದಿರಲೆಂದು ಮಾಡಿದ ಈ ಏರ್ಪಾಡನ್ನು ಅರಿಯದವನು ಬಿಚ್ಚುತ್ತಿದ್ದೇನೆಂಬ ಭ್ರಮೆಯಲ್ಲಿ ಬಿಗಿಯುತ್ತ ಹೋಗುತ್ತಾನೆ. ಅರಬ್ಬಿ ಸಮುದ್ರದ ಉಪ್ಪುಗಾಳಿಯು ಸೀಟಿನ ಕಂಬವನ್ನು ಫ್ರೇಮಿಗೆ ಬೆಸೆದಿರುವ ಗಟ್ಟಿತನದ ಮುಂದೆ ಅಷ್ಟಬಂಧ ಏನೂ ಅಲ್ಲ. ಚೈನಿನ ಪರೀಕ್ಷೆ ಸರಳವಾದುದು: ಹೊಸ ಚೈನಿನಲ್ಲಿ ಅರ್ಧರ್ಧ ಇಂಚಿನ 24 ಕೊಂಡಿಗಳು ಸರಿಯಾಗಿ 12 ಇಂಚು ಅಳೆಯುತ್ತವೆ, ಅದು 12 ಇಂಚಿಗೆ ಎಂಟನೇ ಒಂದು ಇಂಚು ಮೀರಿದರೆ ಚೈನಿನೊಡನೆ ಫ್ರೀವೀಲನ್ನೂ ಬದಲಿಸಬೇಕು. ಈ ಅಳತೆಯನ್ನು ಬೀದಿಬದಿಯ ಸೈಕಲ್‌ವಾಲಾನ ಮುಂದಿಟ್ಟರೆ ಆತ ಚೈನನ್ನು ಬೆರಳಿನಿಂದ ಒಮ್ಮೆ ಎತ್ತಿಬಿಟ್ಟು, "ಚಲೇಗಾ" ಎಂದು ಆಪ್ತವಾಕ್ಯವನ್ನು ನುಡಿಯುತ್ತಾನೆ. ಆಪ್ತವಾಕ್ಯವೆಂದರೆ ನಂಬಲರ್ಹನಾದವನ ಮಾತು, ಅದೂ ಒಂದು ಪ್ರಮಾಣವೇ.

ಇಷ್ಟಾದ ಬಳಿಕ ಅಲಂಕಾರ ಪ್ರಕರಣ. ಮಳೆಗಾಲದಲ್ಲಿ ಬೆನ್ನಿನ ಮೇಲೆ ಕೆಸರಿನ ನಾಮ ಮೂಡದಿರಲು ಎರಡು ಮಡ್‌ಗಾರ್ಡು, ಪಾಲಿ ಮಾರ್ಕೆಟ್ಟಿನ ಮೀನು-ತರಕಾರಿಗೆ ಹಿಂದೊಂದು ಕ್ಯಾರಿಯರ್, ಒರಗಲು ಗೋಡೆ ಸಿಗದೆಡೆ ಸ್ಟ್ಯಾಂಡು, ರಣವಾರ್ ಓಣಿಯ ತಿರುವುಗಳಿಗೆ ಬೆಲ್ಲು, ಚೈನಿಗೆ ಕವಚ, ಬಾಗಿದ ಹ್ಯಾಂಡಲ್, ಅಗಲವಾದ ಸೀಟು. ಇವೆಲ್ಲ ಕೂಡಿಬಂದಾಗ ಸಿದ್ಧಿಸುವ ರೂಪವನ್ನು ಪರಿಶೀಲಿಸಿದರೆ, ಅದು ಪ್ರತಿದಿನ ಬೆಳಿಗ್ಗೆ ಪಾವ್‌ವಾಲಾ ಅದೇ ಸೊಸೈಟಿಯ ಗೇಟಿಗೆ ತರುವ ಕಪ್ಪು ಸೈಕಲ್ಲೇ ಎಂಬುದು ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿತವಾಗುತ್ತದೆ. ಆ ಬಗೆಯ ಸೈಕಲ್ಲುಗಳನ್ನು ಒಂದು ಕಾಲದಲ್ಲಿ ಮುಂಬಯಿಯ ವರ್ಳಿಯಲ್ಲೇ ತಯಾರಿಸುತ್ತಿದ್ದ ಹಿಂದ್ ಸೈಕಲ್ಸ್ ಕಂಪನಿಯು 1980ರಲ್ಲಿ ರಾಷ್ಟ್ರೀಕರಣಗೊಂಡಿತು. ಅಟ್ಲಾಸ್ ಕಂಪನಿಯು ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ. ಪಾವ್‌ವಾಲಾನ ಸೈಕಲ್ಲಿಗೂ ಜೀರ್ಣೋದ್ಧಾರಗೊಂಡ ಗಿರಿಚಕ್ರಕ್ಕೂ ಉಳಿಯುವ ಭೇದ ಒಂದೇ: ಮೊದಲನೆಯದು ಖರ್ಚನ್ನು ದುಡಿದು ಹಿಂದಿರುಗಿಸುತ್ತದೆ.

ಸಂಚಾರ ಕ್ಷೇತ್ರದ ಬಗ್ಗೆ ಎರಡೇ ಮಾತು. 2009ರಲ್ಲಿ ತೆರೆದ ಬಾಂದ್ರಾ-ವರ್ಳಿ ಸೀ ಲಿಂಕಿನಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ, ಆದ್ದರಿಂದ ದಕ್ಷಿಣಕ್ಕೆ ಹೋಗುವವರಿಗೆ 1845ರ ಮಾಹಿಮ್ ಕಾಸ್‌ವೇಯೇ ಗತಿ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಸೈಕಲ್ಲಿಗೆಂದೇ ಹಾಸಿದ ಪಥದಲ್ಲಿ ಕಾರುಗಳು ವಿಶ್ರಾಂತಿ ಪಡೆದದ್ದೇ ಹೆಚ್ಚು.

ಕೊನೆಗೆ ಉಳಿಯುವುದು ಕಳಚಿ ತೆಗೆದ ಅವಯವಗಳ ವಿಲೇವಾರಿ. ಜೀರ್ಣಬಿಂಬವನ್ನು ನೀರಿಗೆ ಬಿಡಬೇಕೆಂಬ ಆಗಮೋಕ್ತಿಯನ್ನು ಇಲ್ಲಿ ಪಾಲಿಸಲಾಗದು. ಕಾರ್ಟರ್ ರೋಡಿನ ಸಮುದ್ರಕ್ಕೆ ಈಗಾಗಲೇ ಬೇಕಾದಷ್ಟು ಬಿಡಲಾಗಿದೆ. ಮುಂದೆಂದಾದರೂ ಬೆಟ್ಟಕ್ಕೆ ಹೋಗುವುದಾದರೆ ಬೇಕಾಗುತ್ತವೆಂದು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡುವುದು ಮಧ್ಯಮ ಪಕ್ಷವಾದರೂ, ಬಹುತೇಕ ಮನೆಗಳಲ್ಲಿ ದೀಪಾವಳಿಯ ಸಫಾಯಿ ಅದನ್ನು ಮುರಿಯುತ್ತದೆ. ಆಗ ಬರುವ ಭಂಗಾರ್‌ವಾಲಾ ಶಾಕಪ್ಪನ್ನೂ ಹಲ್ಲುಗಾಲಿಗಳನ್ನೂ ತಕರಾರಿಲ್ಲದೆ ಕಬ್ಬಿಣದ ರಾಶಿಗೆ ಹಾಕಿ, ಅಲಾಯ್ ಎಂದು ಬೆಳ್ಳಿಯಕ್ಷರದ ಚೀಟಿ ಅಂಟಿಸಿರುವ ಹ್ಯಾಂಡಲ್ಲಿನ ಬಳಿ ಮಾತ್ರ ಒಂದು ಕ್ಷಣ ತಡೆದು, ಜೇಬಿನಿಂದ ಅಯಸ್ಕಾಂತದ ತುಂಡೊಂದನ್ನು ತೆಗೆದು ತಾಗಿಸುತ್ತಾನೆ. ಯಜಮಾನನು ಚೀಟಿಯನ್ನು ತೋರಿಸಿ ಅಲ್ಯುಮಿನಿಯಂ ದರ ಕೇಳುವುದು ಶಬ್ದಪ್ರಮಾಣ. ಅಯಸ್ಕಾಂತವು ಟಕ್ಕನೆ ಕಚ್ಚಿ ನಿಲ್ಲುವುದು ಪ್ರತ್ಯಕ್ಷಪ್ರಮಾಣ. ಎರಡಕ್ಕೂ ವಿರೋಧ ಬಂದಾಗ ತೂಕವನ್ನು ಕಬ್ಬಿಣದ ದರದಲ್ಲೇ ಹಾಕಲಾಗುತ್ತದೆ.