ಸಾಸಿವೆ ಡಬ್ಬಿಯ ರಿಫಂಡು

ಊರವರ ತೆರಿಗೆ ವಾಪಸು ಕೊಡಿಸುವುದು ನನ್ನ ಕಸುಬು. ಪುಣೆಯ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೂತು, ಖಜಾನೆಗೆ ಹೋದ ದುಡ್ಡನ್ನು ಅರ್ಜಿ, ಅಡಕ, ಅಪೀಲುಗಳ ಬಲದಿಂದ ಈಚೆಗೆ ಎಳೆಯುತ್ತೇನೆ. ಆದರೆ ಕಾತ್ರಜದ ನನ್ನ ಸ್ವಂತ ಮನೆಯಲ್ಲಿ ಸಾಸಿವೆ ಡಬ್ಬಿಗೆ ಹೋದ 3,000 ರೂಪಾಯಿಯನ್ನು ಎಳೆಯಲು ನನ್ನಿಂದಾಗಲಿಲ್ಲ. ಕಚೇರಿಯಲ್ಲಿ ಈ ಸುದ್ದಿ ಯಾರಿಗೂ ಗೊತ್ತಿಲ್ಲ. ಪುಣ್ಯಕ್ಕೆ ಅಲ್ಲಿ ಕನ್ನಡ ಓದುವವರೂ ಇಲ್ಲ.

ಕಾತ್ರಜ ಒಂದು ಕಾಲಕ್ಕೆ ಪುಣೆಗೆ ನೀರು ಕುಡಿಸಿದ ಊರು. 18ನೇ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆ ಇಲ್ಲಿನ ಕೆರೆಯಿಂದ ಶನಿವಾರವಾಡದವರೆಗೆ ನೆಲದಡಿ ಕಾಲುವೆ ಕಟ್ಟಿಸಿದ. ಪೇಶ್ವೆಗಳು ಹೋದರು, ಕೆರೆ ಉಳಿಯಿತು. ನಮ್ಮ ಅಪಾರ್ಟ್‌ಮೆಂಟಿಗೆ ಮಾತ್ರ ಬೇಸಿಗೆ ಬಂದರೆ ಟ್ಯಾಂಕರೇ ಗತಿ. ನಮ್ಮ ವಿಂಗಿನಲ್ಲಿ ಟ್ಯಾಂಕರಿನ ಪಟ್ಟಿ ಎತ್ತುವ ಕೆಲಸ ನನ್ನ ಹೆಂಡತಿಯದು. ಧಾರವಾಡದ ಹೆಣ್ಣುಮಗಳು, ಮರಾಠಿ ಮನೆಗಳಿಂದ ಕನ್ನಡದಲ್ಲೇ ವಸೂಲಿ ಮಾಡುವ ವಿದ್ಯೆ ಆಕೆಗೆ ಒಲಿದಿದೆ. ವಸೂಲಾದ ಹಣ ಅಡುಗೆಮನೆಯ ಮೇಲಿನ ಹಲಗೆಯಲ್ಲಿರುವ ಸಾಸಿವೆ ಡಬ್ಬಿಯಲ್ಲಿ ಜಮೆಯಾಗುತ್ತದೆ.

ಏಪ್ರಿಲಿನ ಒಂದು ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ.

"ರೀ, ಇಲ್ಲೆ ಬರ್ರಿ. ಡಬ್ಬ್ಯಾಗಿನ ಮೂರು ಸಾವಿರ ಎಲ್ಲಿ ಹೋತು?"

"ನನಗೇನ ಗೊತ್ತು? ನಾ ಸಾಸಿವಿ ಡಬ್ಬಿ ಮುಟ್ಟಿದ್ದು ಎಂದರೆ ನೋಡೀಯೇನು?"

"ಅತ್ತಿಯವರಿಗೆ ಆ ಹಲಗಿ ನಿಲುಕೂದಿಲ್ಲ. ಹುಡುಗಗ ರೊಕ್ಕ ಬೇಕಾದ್ರ ನಿಮ್ಮ ಪಾಕೀಟ ಅದ. ಇನ್ನ ಉಳಿದವರು ಯಾರು, ನೀವ ಹೇಳ್ರಿ."

ತನಿಖೆ ಶುರುವಾಯಿತು. ಅಂಗಿಯ ಕಿಸೆ, ಆಫೀಸಿನ ಬ್ಯಾಗು, ಸ್ಕೂಟರಿನ ಡಿಕ್ಕಿ ಎಲ್ಲದರ ಶೋಧನೆ ನಡೆಯಿತು. ಡಿಕ್ಕಿಯಲ್ಲಿ ಸಿಕ್ಕಿದ್ದು ಒಂದು ವಡಾಪಾವಿನ ಕಾಗದ. ಡಾಕ್ಟರು ಎಣ್ಣೆಪದಾರ್ಥ ಬೇಡವೆಂದಿದ್ದರಿಂದ ಅದರದೇ ಬೇರೆ ಪ್ರಕರಣ ದಾಖಲಾಯಿತು. ನಡುರಾತ್ರಿಯಾದರೂ ಹಾಸಿಗೆಗೆ ಹೋಗುವ ಅಪ್ಪಣೆ ಸಿಗಲಿಲ್ಲ. ಕೊನೆಗೆ ನನ್ನ ಪಾಕೀಟಿನಿಂದ 3,000 ರೂಪಾಯಿ ಎಣಿಸಿ ಡಬ್ಬಿಗೆ ಹಾಕಿದೆ.

"ಖುಷೀಲೆ ಕೊಟ್ಟೀರಿ, ಹೌದಲ್ರಿ?"

"ಹೌದು," ಎಂದೆ. ನಿದ್ದೆ ಬಂದವನು ಏನು ಕೇಳಿದರೂ ಹೌದು ಎನ್ನುತ್ತಾನೆ.

ಇಂಥ 'ಖುಷೀಲೆ ಕೊಟ್ಟ' ಹಣದ ಬಗ್ಗೆ ನಮ್ಮ ಕರ್ನಾಟಕ ಹೈಕೋರ್ಟಿನದೇ ಒಂದು ಹೆಸರಾಂತ ತೀರ್ಪಿದೆ. ಬೆಂಗಳೂರಿನ ಸ್ವಿಗ್ಗಿ ಕಂಪನಿ 2019ರ ಕೊನೆಯಲ್ಲಿ ಜಿಎಸ್‌ಟಿ ತನಿಖೆ ನಡೆಯುತ್ತಿದ್ದಾಗ ಅಪರಾತ್ರಿಯಲ್ಲಿ ಕೋಟಿಗಟ್ಟಲೆ ಕಟ್ಟಿತು. ಒಟ್ಟು ಮೊತ್ತ 27.51 ಕೋಟಿ ರೂಪಾಯಿ. ಸ್ವಇಚ್ಛೆಯಿಂದ ಕಟ್ಟಿದ್ದು ಎಂದಿತು ಇಲಾಖೆ. ಬಂಧನದ ಭಯಕ್ಕೆ ಕಟ್ಟಿದ್ದು ಎಂದಿತು ಕಂಪನಿ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ವಸೂಲಿ ಮಾಡುವಂತಿಲ್ಲ ಎನ್ನುವ ಸಂವಿಧಾನದ 265ನೇ ವಿಧಿಯನ್ನು ಹಿಡಿದು ಹೈಕೋರ್ಟು 2021ರಲ್ಲಿ ಹಣ ಹಿಂತಿರುಗಿಸಲು ಹೇಳಿತು. 2022ರ ಮಾರ್ಚಿನಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಗುಜರಾತ್ ಹೈಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ: ವ್ಯಾಪಾರಿ ತಾನಾಗಿ ಕಟ್ಟುತ್ತೇನೆ ಎಂದರೂ ಶೋಧನೆಗೆ ಬಂದವರು ಹೊರಟುಹೋದ ಮೇಲೆ, ಮರುದಿನ ಕಟ್ಟಲು ಹೇಳಬೇಕು ಎಂದು 2021ರಲ್ಲೇ ಸೂಚಿಸಿತ್ತು. ಒಳ್ಳೆಯ ನಿಯಮ. ಆದರೆ ಶೋಧನೆಗೆ ಬಂದವರು ಅದೇ ಮನೆಯಲ್ಲಿ ಸಂಸಾರ ಮಾಡುತ್ತಿದ್ದರೆ ಹೊರಡುವುದು ಎಲ್ಲಿಗೆ ಎಂಬುದನ್ನು ಆ ನ್ಯಾಯಮೂರ್ತಿಗಳು ಹೇಳಿಲ್ಲ.

ಮೇ ತಿಂಗಳಲ್ಲಿ ಸತ್ಯ ತಾನಾಗಿ ಟ್ಯಾಂಕರ್ ಹತ್ತಿ ಬಂತು. ಪೈಪು ಜೋಡಿಸುತ್ತ ಟ್ಯಾಂಕರಿನವನು ಮೇಲೆ ನೋಡಿ ಕೂಗಿದ: "ವಹಿನಿ, ನೀವು ಕೊಟ್ಟ ಅಡ್ವಾನ್ಸ್ ಮೂರು ಸಾವಿರ ಇನ್ನೂ ನನ್ನ ಹತ್ತಿರ ಜಮಾ ಇದೆ!" ಅವನು ಹೇಳಿದ್ದು ಮರಾಠಿಯಲ್ಲಿ. ನನ್ನ ಕಿವಿಗೆ ಬಿದ್ದದ್ದು ಸಂಗೀತ.

ಆ ಸಂಜೆಯೇ ರಿಫಂಡ್ ಅರ್ಜಿ ಸಿದ್ಧಪಡಿಸಿದೆ. ಜಿಎಸ್‌ಟಿ ಕಾಯ್ದೆಯ 54ನೇ ಕಲಮಿನ ಮಾದರಿಯಲ್ಲಿ, 60 ದಿನ ಮೀರಿದರೆ ಶೇ 6ರ ಬಡ್ಡಿ ಸಹಿತ. 2 ಲಕ್ಷ ಮೀರದ ಅರ್ಜಿಗೆ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಬೇಕಿಲ್ಲ, 'ಈ ಹೊರೆಯನ್ನು ಬೇರೆಯವರಿಗೆ ದಾಟಿಸಿಲ್ಲ' ಎಂಬ ಸ್ವಯಂ ಘೋಷಣೆ ಸಾಕು. ಅದನ್ನೂ ಬರೆದು ಸಹಿ ಹಾಕಿದೆ.

"ನಿಮ್ಮ ಸ್ವಯಂ ಘೋಷಣಾ ಮದವ್ಯಾಗ ಏಳು ಕೇಳೀನಿ," ಎಂದಳು. "ಒಂದಕ್ಕೂ ರಸೀದಿ ಇಲ್ಲ."

ಬಳಿಕ ಆಕೆ ಎತ್ತಿದ್ದು ನನ್ನದೇ ಅಸ್ತ್ರ: ಅನ್‌ಜಸ್ಟ್ ಎನ್‌ರಿಚ್‌ಮೆಂಟ್. ದಿನಾ ಊಟಕ್ಕೆ ಕೂತಾಗ ಕಚೇರಿಯ ಪ್ರತಾಪ ಕೊಚ್ಚಿಕೊಳ್ಳುವ ಗಂಡಸರಿಗೆ ಇದೇ ಶಿಕ್ಷೆ. ತತ್ವ ಸರಳ. ತೆರಿಗೆ ಕಟ್ಟಿದವನು ಆ ಹೊರೆಯನ್ನು ಆಗಲೇ ಬೆಲೆಗೆ ಸೇರಿಸಿ ಗಿರಾಕಿಯಿಂದ ಕಿತ್ತುಕೊಂಡಿದ್ದರೆ, ರಿಫಂಡನ್ನೂ ಅವನಿಗೇ ಕೊಟ್ಟರೆ ಎರಡು ಸಲ ಉಂಡಂತೆ. ಅದಕ್ಕೇ 1991ರಲ್ಲಿ ಎಕ್ಸೈಸ್ ಕಾಯ್ದೆ ತಿದ್ದಿ, ಅಂಥ ಹಣ ಗ್ರಾಹಕರ ಕಲ್ಯಾಣ ನಿಧಿಗೆ ಹೋಗಬೇಕು ಎಂದರು. 1996ರ ಡಿಸೆಂಬರಿನಲ್ಲಿ ಮಫತ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಮುದ್ರೆ ಒತ್ತಿತು. ಜಿಎಸ್‌ಟಿ ಬಂದರೂ ಆ ನಿಧಿ ಹಾಗೇ ಉಳಿದಿದೆ.

ನಾನೂ ಬಿಡಲಿಲ್ಲ. ಪುಣೆ ಮುಂಬಯಿ ಹೈಕೋರ್ಟಿನ ವ್ಯಾಪ್ತಿಗೆ ಬರುತ್ತದೆ. ಅದೇ ಹೈಕೋರ್ಟು ಸುವಿಧೆ ಪ್ರಕರಣದಲ್ಲಿ, ಅಪೀಲಿಗಾಗಿ ಇಟ್ಟ ಠೇವಣಿ ತೆರಿಗೆಯಲ್ಲ, ಅದಕ್ಕೆ ರಿಫಂಡಿನ ಕಟ್ಟಳೆ ತಾಗದು ಎಂದಿದೆ. ತನಿಖೆಯ ಹೊತ್ತಿನ ಹಣಕ್ಕೂ ನಾವು ವಕೀಲರು, ಸಲಹೆಗಾರರು ಇದೇ ವಾದ ಹೂಡುತ್ತೇವೆ. "ಸಾಮಾನು ಮಾರಿಯಾದ ಮ್ಯಾಲೆ ಕಟ್ಟಿದ ರೊಕ್ಕ ಇದು. ಆಗಲೇ ಹೋದ ಗಿರಾಕಿ ಮ್ಯಾಲೆ ಹೊರೆ ಹ್ಯಾಂಗ ಹಾಕಲಿಕ್ಕೆ ಬರ್ತದ?" ಎಂದು ಕೇಳಿದೆ.

"ಹೋದ ಗಿರಾಕಿ ಮ್ಯಾಲೆ ಬರಂಗಿಲ್ಲ. ಮುಂದ ಬರೋ ಗಿರಾಕಿ ಮ್ಯಾಲೆ?" ಎನ್ನುತ್ತ ಆಕೆ ಎರಡು ಚೀಟಿ ತಂದು ಮೇಜಿನ ಮೇಲಿಟ್ಟಳು.

ರವಿವಾರ ಮಾರ್ಕೆಟ್ ಯಾರ್ಡಿಗೆ ಹೋಗಿ ವಾರದ ತರಕಾರಿ ತರುವವನು ನಾನು. ಎದುರು ಮನೆಯ ಕಾಕುವಿನ ಚೀಲವನ್ನೂ ನಾನೇ ತುಂಬಿ ತರುತ್ತೇನೆ. ಒಂದೇ ದಿನ, ಒಂದೇ ಅಂಗಡಿ, ಒಂದೇ ಪೆನ್ಸಿಲು, ನನ್ನದೇ ಅಕ್ಷರ. ಕಾಕುವಿನ ಚೀಟಿಯಲ್ಲಿ ಟೊಮ್ಯಾಟೊ ಕಿಲೋಗೆ 30, ನಮ್ಮನೆಯ ಚೀಟಿಯಲ್ಲಿ 50. ಅಲ್ಲಿ ಬದನೆಕಾಯಿ 40, ಇಲ್ಲಿ 60. ಕೊತ್ತಂಬರಿ ಸಿವುಡಿನ ಮೇಲೂ ಐದು ರೂಪಾಯಿ ಸವಾರಿ ಮಾಡಿತ್ತು. ತನಿಖೆಯ ರಾತ್ರಿಗೆ ಮೊದಲಿನ ಚೀಟಿಗಳಲ್ಲಿ ಎರಡೂ ಮನೆಯ ಬೆಲೆ ಒಂದೇ ಇತ್ತು ಎಂಬುದನ್ನೂ ಆಕೆ ತೋರಿಸಿದಳು. ಆ ರಾತ್ರಿಯಿಂದ ಈಚೆಗೆ ನಾನು ಏರಿಸಿದ್ದರ ಒಟ್ಟು ಮೊತ್ತ: 1,260 ರೂಪಾಯಿ.

ಅಪೀಲು ಅವ್ವನ ಮುಂದೆ ಹೋಯಿತು. ಉಳಿದ 1,740 ರೂಪಾಯಿಯಾದರೂ ನನ್ನದು ತಾನೆ ಎಂದು ಅಂಗಲಾಚಿದೆ. ಅಷ್ಟರಲ್ಲಿ ಹೆಂಡತಿ ನನ್ನದೇ ಪುಸ್ತಕ ತೆರೆದು ಜಿಎಸ್‌ಟಿ ಕಾಯ್ದೆಯ 49ನೇ ಕಲಮಿನ 9ನೇ ಉಪಕಲಮು ಓದಿಸಿದಳು: ತೆರಿಗೆ ಕಟ್ಟಿದವನು ಪೂರ್ತಿ ಹೊರೆ ದಾಟಿಸಿದ್ದಾನೆ ಎಂದೇ ಕಾನೂನು ಭಾವಿಸುತ್ತದೆ, ಇಲ್ಲವೆಂದು ಸಾಬೀತು ಮಾಡಬೇಕಾದವನು ಅವನೇ.

ಅವ್ವ ಕನ್ನಡಕ ಸರಿಮಾಡಿಕೊಂಡು ಆದೇಶ ಕೊಟ್ಟಳು: "ತಮ್ಮಾ, ಆಕಿ ರಾತ್ರ್ಯಾಗ ನಿನ್ನ ಕಡೆ ರೊಕ್ಕ ಕೊಡಿಸಿದ್ದು ತಪ್ಪು. ಆದ್ರ ತರಕಾರಿ ತಿಂದವರು ನಾವೆಲ್ಲಾರೂ. ರೊಕ್ಕ ಎಲ್ಲಾರಿಗೂ ಸೇರಬೇಕು." ಹೀಗೆ ಆ ಪೂರ್ತಿ ಮೊತ್ತ ಗ್ರಾಹಕರ ಕಲ್ಯಾಣ ನಿಧಿಗೆ ಜಮೆಯಾಗಿ, ಕಾತ್ರಜ ಡೇರಿಯ ಶ್ರೀಖಂಡವಾಗಿ ಮನೆಗೆ ಬಂದು, ಪೂರಿಯ ಜೊತೆ ವಿಲೇವಾರಿಯಾಯಿತು. ವಡಾಪಾವಿನ ಹಳೆಯ ಪ್ರಕರಣ ಬಾಕಿ ಇದ್ದುದರಿಂದ ನನಗೆ ಪೂರಿ ಇಲ್ಲ, ಚಪಾತಿ.

ನ್ಯಾಯವಾಗಿ ನೋಡಿದರೆ ಅವ್ವನ ಆದೇಶದಲ್ಲಿ ತಪ್ಪಿಲ್ಲ. ದುಡ್ಡು ಯಾರ ಕೈಯಿಂದ ಹೋಯಿತು ಎನ್ನುವುದಕ್ಕಿಂತ, ಕಡೆಗೆ ಯಾರ ಮೈಮೇಲೆ ಬಿತ್ತು ಎನ್ನುವುದೇ ಮುಖ್ಯ. ದೊಡ್ಡ ಕೋರ್ಟುಗಳು ಪುಟಗಟ್ಟಲೆ ಬರೆದದ್ದೂ ಇದನ್ನೇ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ತನಿಖೆಯ ಹೊತ್ತಿನಲ್ಲಿ ದುಡ್ಡು ಕೊಡಲೇಬೇಕಾಗಿ ಬಂದರೆ ಹೆದರಿ 'ಹೌದು' ಎನ್ನಬೇಡಿ. ತಕರಾರು ಬರೆದುಕೊಟ್ಟು ರಸೀದಿ ಪಡೆಯಿರಿ. ರಿಫಂಡು ಕೈಗೆ ಬರುವ ತನಕ ಬೆಲೆ ಏರಿಸಬೇಡಿ. ಅದು ನಿಮ್ಮಿಂದಾಗದು ಎಂದು ಅನಿಸಿದರೆ, ಕನಿಷ್ಠ ಎದುರು ಮನೆಯವರ ತರಕಾರಿ ತರುವುದನ್ನಾದರೂ ನಿಲ್ಲಿಸಿ.